ವಾಲಿದ ಮರಗಳ ಶಾಲು

ನಮ್ಮ ಮನೆಯಲ್ಲಿ ಓರೆಯಾದದ್ದು ಓರೆಯಾಗಿಯೇ ಉಳಿಯುವುದಿಲ್ಲ. ನನ್ನ ನಾದಿನಿ ಬಿಡುವುದಿಲ್ಲ. ಗೋಡೆಯ ಕ್ಯಾಲೆಂಡರು, ಬಾಗಿಲ ಬಳಿಯ ಚಪ್ಪಲಿ, ತಟ್ಟೆಯ ಪಕ್ಕದ ಲೋಟ, ಎಲ್ಲವನ್ನೂ ಬೆರಳ ತುದಿಯಿಂದ ಒಂಚೂರು ತಳ್ಳಿ ಸರಿ ಮಾಡಿಯೇ ಮುಂದಕ್ಕೆ ಹೋಗುತ್ತಾಳೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬೈತಲೆಯನ್ನೂ ಸರಿ ಮಾಡಿದ್ದಳು. ಗೀಟುಗೋಲು ಎಂದು ಅವಳಿಗೆ ಹೆಸರಿಟ್ಟವಳು ನಾನೇ. ಈಗ ಓಣಿಯೆಲ್ಲ ಹಾಗೆ ಕರೆಯುತ್ತದೆ. ಅವಳಿಗೆ ಅದರಲ್ಲಿ ಸಿಟ್ಟಿಲ್ಲ, ಒಳಗೊಳಗೆ ಹೆಮ್ಮೆಯೇ.

ನಮ್ಮದು ಶಾಲು ನೇಯುವ ಮನೆ. ನಮ್ಮವರು, ಅಂದರೆ ನನ್ನ ಗಂಡ, ನೂಲಿಗೆ ಬಣ್ಣ ಹಾಕುತ್ತಾರೆ. ನಾದಿನಿ ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ವಿನ್ಯಾಸ ಬರೆಯುತ್ತಾಳೆ. ಮಗ್ಗಕ್ಕೆ ಕೂರುವವಳು ನಾನು. ವಿನ್ಯಾಸ ಹುಟ್ಟುವುದು ಮಾತ್ರ ಚಿಕ್ಕಪ್ಪನ ಕ್ಯಾಮೆರಾದಲ್ಲಿ. ಅವರು ನಮ್ಮವರ ಚಿಕ್ಕಪ್ಪ. ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದರು. ಅದನ್ನು ಮುಚ್ಚಿದ ಮೇಲೆ, ಮನುಷ್ಯರ ಮುಖ ನೋಡಿ ನೋಡಿ ಸಾಕಾಯಿತು ಎಂದು ಹೇಳಿ, ಬೇರೆ ಯಾರೂ ನಿಂತು ನೋಡದಂಥದ್ದರ ಫೋಟೋ ತೆಗೆಯತೊಡಗಿದರು. ಕಲ್ಲಿನ ಮೇಲಿನ ಹಾವಸೆ, ಬತ್ತಿದ ಕೊಳದ ಬಿರುಕು, ಕೊಳೆತ ಎಲೆಯಲ್ಲಿ ಉಳಿದ ನರಗಳ ಬಲೆ. ಆ ಕೊಳೆತ ಎಲೆಯಿಂದ ನಾವು ಮಾಡಿದ ಬೂದು ಶಾಲನ್ನು ಹೊದ್ದವರಿಗೆ ತಾವು ಏನನ್ನು ಹೊದ್ದಿದ್ದೇವೆಂದು ಇಂದಿಗೂ ಗೊತ್ತಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಬೆಟ್ಟದ ಶಾಲು. ಕೆರೆಯ ಈಚೆ ದಡದಲ್ಲಿ ಒಂದು ಕಲ್ಲುಬೆಂಚಿದೆ. ಚಿಕ್ಕಪ್ಪ ಕಾಲ ಬದಲಾದಾಗಲೆಲ್ಲ ಅದೇ ಬೆಂಚಿನ ಮೇಲೆ ಕುಳಿತು ಆಚೆಯ ಬೆಟ್ಟದ ಫೋಟೋ ತೆಗೆಯುತ್ತಿದ್ದರು. ಬೆಟ್ಟ ಬಲದಿಂದ ಎಡಕ್ಕೆ ಇಳಿಯುತ್ತದೆ. ಇಳಿಜಾರಿನ ಉದ್ದಕ್ಕೂ ಬಿಳಿ ತೊಗಟೆಯ ಎತ್ತರದ ಮರಗಳು. ಎಡಗಡೆ, ಬೆಟ್ಟದ ಬುಡಕ್ಕೆ ಒತ್ತಿಕೊಂಡಂತೆ, ನಮ್ಮವರು ಬಣ್ಣ ಹಾಕುವ ಶೆಡ್ಡು. ಬೇಸಿಗೆಯ ಬೆಟ್ಟಕ್ಕೊಂದು ಶಾಲು, ಮಂಜಿನ ಬೆಟ್ಟಕ್ಕೊಂದು, ಮೋಡದ ನೆರಳು ಬಿದ್ದ ಬೆಟ್ಟಕ್ಕೊಂದು. ಒಂದನ್ನು ಕೊಂಡವರು ಮುಂದಿನದು ಯಾವಾಗ ಎಂದು ಕೇಳಿಕೊಂಡು ಬರುತ್ತಿದ್ದರು.

ಬಟ್ಟೆಯಲ್ಲಿ ಮರ ನೇಯುವುದಕ್ಕೆ ಒಂದು ಕ್ರಮವಿದೆ. ನೆಟ್ಟಗಿನ ಮರವಾದರೆ ಹಾಸಿನ ಎಳೆ ಹಿಡಿದು ತಾನಾಗಿ ಮೇಲೇಳುತ್ತದೆ. ಓರೆ ಮರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಅಷ್ಟು ಮಾಡಿದರೂ ನೋಡಿದವರು ನೇಯುವವಳ ಕೈ ತಪ್ಪಿದೆ ಎನ್ನುತ್ತಾರೆ. ಆದ್ದರಿಂದ ನಾದಿನಿ ಫೋಟೋ ಬಂದ ಕೂಡಲೇ ಕತ್ತರಿಯಿಂದ ಕೆಳಗಿನ ನೀರಿನ ಭಾಗ ಕತ್ತರಿಸಿ ಬಿಸಾಡುತ್ತಿದ್ದಳು. ಅಲ್ಲಿ ಅಂಚು ಬರಬೇಕು, ಅಂಚಿನ ವಿನ್ಯಾಸ ಅವಳದೇ ಬೇರೆ. ಆಮೇಲೆ ಉಳಿದ ಬೆಟ್ಟವನ್ನು ಗ್ರಾಫಿನ ಮೇಲಿಟ್ಟು, ಮರಗಳು ಗೆರೆಗೆ ಸರಿಯಾಗಿ ನಿಲ್ಲುವ ತನಕ ತಿರುಗಿಸಿ, ಗೋಂದು ಹಚ್ಚುತ್ತಿದ್ದಳು.

“ಚಿಕ್ಕಪ್ಪನ ಕೈ ಈಗೀಗ ಜಾಸ್ತಿ ನಡುಗ್ತಿದೆ,” ಎನ್ನುತ್ತಿದ್ದಳು. “ಪ್ರತಿ ಸಲ ಹಿಂದಿಗಿಂತ ಹೆಚ್ಚು ತಿರುಗಿಸ್ಬೇಕು.”

ಚಿಕ್ಕಪ್ಪನ ಕೈ ನಡುಗುವುದು ನಿಜ. ಅವರಿಗೆ ಲೋಟದ ತುಂಬ ಚಹಾ ಕೊಟ್ಟರೆ ಅರ್ಧ ಅವರಿಗೆ, ಅರ್ಧ ನೆಲಕ್ಕೆ. ಆದರೆ ಈ ಮಾತು ಅವರಿಗೆ ಚುಚ್ಚುತ್ತಿತ್ತು. “ಕೈ ನಡುಗಿದ್ರೆ ಫೋಟೋ ಮಸುಕಾಗುತ್ತೆ ಕಣಮ್ಮ, ಓರೆ ಆಗಲ್ಲ,” ಎಂದು ಒಂದೆರಡು ಸಲ ಹೇಳಿದರು. ನಾವು ನಕ್ಕೆವು. ಆಮೇಲೆ ಅವರು ಹೇಳುವುದನ್ನು ಬಿಟ್ಟರು.

ಇನ್ನು ನನ್ನ ಸವತಿಯ ವಿಷಯ. ನೀಲಿ ತೊಟ್ಟಿಯನ್ನು ನಾನು ಹಾಗೆಯೇ ಕರೆಯುತ್ತಿದ್ದದ್ದು, ನಮ್ಮವರ ಎದುರಿಗೇ. ನೀಲಿ ಬಣ್ಣ ಒಲೆಯ ಮೇಲೆ ಕುದಿಸಿ ಮಾಡುವಂಥದ್ದಲ್ಲ. ತೊಟ್ಟಿಯೊಳಗೆ ಹುದುಗಿ ಜೀವ ಹಿಡಿಯಬೇಕು, ದಿನಾ ಕಲಕಿ, ಉಣಿಸಿ, ಬೆಚ್ಚಗೆ ಮುಚ್ಚಿಟ್ಟು ಕಾಪಾಡಬೇಕು. ನಮ್ಮ ತೊಟ್ಟಿ ಮಾವನವರ ಕಾಲದ್ದು. ಹಳೆಯ ನೀಲಿಯ ಮೇಲೇ ಹೊಸದನ್ನು ಬೆಳೆಸುತ್ತ ಅವರು ಅದನ್ನು ಒಂದು ದಿನವೂ ಸಾಯಲು ಬಿಟ್ಟಿರಲಿಲ್ಲ. ಮಗನೂ ಬಿಟ್ಟಿರಲಿಲ್ಲ. ತೊಟ್ಟಿಗೆ ಸ್ವಲ್ಪ ಹುಷಾರಿಲ್ಲ ಎಂದರೆ ನಮ್ಮವರು ಶೆಡ್ಡಿನಲ್ಲೇ ಮಲಗುತ್ತಿದ್ದರು. ನನಗೆ ಜ್ವರ ಬಂದಾಗ ಅಷ್ಟು ಸಲ ಎದ್ದು ನೋಡಿದವರಲ್ಲ. ಬೆಟ್ಟದಿಂದ ಇಳಿಯುವ ಒರತೆಯ ನೀರಿಗಾಗಿಯೇ ಮಾವನವರು ಶೆಡ್ಡನ್ನು ಅಲ್ಲಿ ಕಟ್ಟಿದ್ದರು. ಆ ನೀರು ಕೊಳವೆಯಲ್ಲಿ ಬಂದು ಸದಾ ಬಾನಿಗೆ ಬೀಳುತ್ತಿತ್ತು.

ಹೀಗಿರುವಾಗ ನಾದಿನಿಗೆ ಕಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಳು. ಅದೇ ಹೊತ್ತಿಗೆ ಚಿಕ್ಕಪ್ಪನ ಹೊಸ ಫೋಟೋ ಬಂತು, ಮಳೆ ನಿಂತ ಮೇಲಿನ ಬೆಟ್ಟ. ನಮ್ಮ ಶಾಲು ಮಾರುವ ಅಂಗಡಿಯಾಕೆ ಅವಸರ ಮಾಡುತ್ತಿದ್ದಳು. “ನೀನೇ ಗ್ರಾಫ್ ಹಾಕು, ನಾನು ಹೇಳ್ಕೊಡ್ತೀನಿ,” ಎಂದಳು ನಾದಿನಿ. ಎಷ್ಟಾದರೂ ನನ್ನದು ನೇಯುವ ಕೈ, ಬರೆಯುವ ಕೈಯಲ್ಲ. ಕ್ರಮ ತಪ್ಪಿಸಿದೆ. ನೀರಿನ ಭಾಗವನ್ನು ಮೊದಲು ಕತ್ತರಿಸಬೇಕಿತ್ತು, ಹಾಗೇ ಬಿಟ್ಟು ಫೋಟೋವನ್ನು ಗ್ರಾಫಿನ ಮೇಲಿಟ್ಟು ತಿರುಗಿಸಿದೆ. ಮರಗಳು ಗೆರೆಗೆ ನೆಟ್ಟಗೆ ನಿಂತವು. ಕೆಳಗೆ ನೋಡಿದರೆ ಕೆರೆಯ ನೀರು ಓರೆಯಾಗಿತ್ತು.

ಮತ್ತೆ ತಿರುಗಿಸಿ ನೀರನ್ನು ಸಮ ಮಾಡಿದೆ. ಮರಗಳು ಎಡಕ್ಕೆ ವಾಲಿದವು. ಎಲ್ಲವೂ ಒಟ್ಟಿಗೆ, ಒಂದೇ ಕಡೆಗೆ, ಶೆಡ್ಡಿನ ಮೇಲೆ ಬಗ್ಗಿ ನೋಡುತ್ತಿರುವ ಹಾಗೆ.

ನೀರು ಎಲ್ಲಾದರೂ ಓರೆ ನಿಲ್ಲುತ್ತದೆಯೇ? ವಾಲಿದ್ದು ಫೋಟೋ ಅಲ್ಲ, ಬೆಟ್ಟದ ಮೇಲಿನ ಮರಗಳೇ. ಫೋಟೋ ಹಿಡಿದುಕೊಂಡು ಸೀದಾ ಚಿಕ್ಕಪ್ಪನ ಮನೆಗೆ ಹೋದೆ. ಅವರ ಹತ್ತಿರ ಹಳೆಯ ಬೆಟ್ಟಗಳ ಕತ್ತರಿಸದ ಪ್ರತಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ನೆಲದ ಮೇಲೆ ಸಾಲಾಗಿ ಹಾಸಿ, ನೀರಿಗೆ ನೀರು ಸೇರುವಂತೆ ಜೋಡಿಸಿದೆವು. ಮೊದಲನೆಯದರಲ್ಲಿ ಮರಗಳು ಕಂಬಗಳ ಹಾಗೆ ನೆಟ್ಟಗಿದ್ದವು. ನಡುವಿನದರಲ್ಲಿ ಅನುಮಾನ. ಕೊನೆಯದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಚಿಕ್ಕಪ್ಪ ಬಹಳ ಹೊತ್ತು ನೋಡಿದರು. ತಮ್ಮ ಕೈ ಸರಿಯಾಗಿತ್ತು ಎಂದು ಅವರು ಬೀಗಬಹುದಿತ್ತು. ಬೀಗಲಿಲ್ಲ.

“ಬೆಟ್ಟದ ಮಣ್ಣು ಜಾರ್ತಿದೆ. ಶೆಡ್ಡಲ್ಲಿ ಯಾರಿದಾರೆ ಈಗ?” ಎಂದು ಕೇಳಿದರು.

ನಾನು ಕೆರೆ ಏರಿಯ ಮೇಲೆ ಓಡಿದೆ. ನನ್ನ ವಯಸ್ಸಿಗೆ ಓಡುವುದು ಚೆಂದವಲ್ಲ, ಎದುರಿಗೆ ಬಂದವರೆಲ್ಲ ನಿಂತು ನೋಡಿದರು. ಶೆಡ್ಡಿನ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು. ನಮ್ಮವರು ಮೊಣಕೈವರೆಗೆ ನೀಲಿಯಾಗಿ, ನೂಲಿನ ಲಡಿ ಹಿಂಡುತ್ತ ನಿಂತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಫೋಟೋವನ್ನು ಒದ್ದೆ ಕೈಯಿಂದ ಮುಟ್ಟದೆ, ಕತ್ತು ಚಾಚಿ ನೋಡಿ, ನಕ್ಕರು.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿನಗೆ ಗ್ರಾಫ್ ಹಾಕೋಕೆ ಬರಲ್ಲ ಅಂತ ಬೆಟ್ಟಾನೇ ಡೊಂಕು ಮಾಡ್ಬಿಟ್ಯಲ್ಲೇ.”

“ಬಾಗಿಲು ಯಾಕೆ ಹಿಡ್ಕೊಳ್ತಿದೆ?”

“ಮರದ ಬಾಗಿಲು. ತೇವಕ್ಕೆ ಉಬ್ಬಿದೆ. ಹೋದ ತಿಂಗಳೂ ಉಜ್ಜಿದೆ, ಇನ್ನೊಂದು ಸಲ ಉಜ್ಜಿದ್ರೆ ಸರಿ ಹೋಗುತ್ತೆ.”

“ಹಿಂದಿನ ಗೋಡೇಲಿ ಬಿರುಕಿತ್ತಲ್ಲ?”

“ಮುಚ್ಚಿದೀನಿ.”

“ನೀರು? ನೀಲಿ ಯಾಕೋ ಮಂಕಾಗ್ತಿದೆ, ನೀರಲ್ಲಿ ಮಣ್ಣು ಬರ್ತಿದೆ ಅಂತ ನೀವೇ ಹೇಳಿದ್ರಿ.”

ಅವರು ಲಡಿಯನ್ನು ಇನ್ನೊಂದು ಸಲ ಹಿಂಡಿದರು. ಆಗ ನನಗೆ ಸಿಟ್ಟು ನೆತ್ತಿಗೇರಿತು. ತಂಗಿ ಬೆಟ್ಟವನ್ನು ನೆಟ್ಟಗೆ ಮಾಡುತ್ತಾಳೆ, ಅಣ್ಣ ಬಾಗಿಲು ಉಜ್ಜಿ ಗೋಡೆ ಮುಚ್ಚುತ್ತಾನೆ. ಇಬ್ಬರೂ ಒಂದೇ ಎರಕದವರು. ಇಂಥವರ ಮನೆಗೆ ಬಂದು ಬಿದ್ದೆನಲ್ಲ ಎಂದು ಅಲ್ಲೇ ಬೈದೆ. “ತೊಟ್ಟಿ ಬಿಟ್ಟು ಎಲ್ಲಿಗೆ ಬರ್ಲಿ?” ಎಂದರು. ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಪಂಚಾಯಿತಿ ಕಚೇರಿಗೂ ಹೋಗಿ ಹೇಳಿದೆ. ಬಂದು ನೋಡುತ್ತೇವೆ ಎಂದರು. ದಾರಿ ಕಾದದ್ದೇ ಬಂತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾದಿನಿ ಆ ಫೋಟೋಗಳನ್ನೆಲ್ಲ ತರಿಸಿಕೊಂಡಳು. ಒಂದೊಂದರ ಮೇಲೂ ಗೀಟುಗೋಲು ಇಟ್ಟು ನೋಡಿದಳು. ತನ್ನ ಅಮ್ಮನ ಹೆಣದ ಮುಂದೆಯೂ ಅಳದವಳು ಅವತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮರಗಳು ಹೇಗಿದ್ದವೋ ಹಾಗೆಯೇ, ವಾಲಿದಂತೆಯೇ ಗ್ರಾಫಿಗಿಳಿಸಿ ಕೊಟ್ಟಳು. “ಇದನ್ನ ಹೀಗೇ ನೇಯಿ. ನೋಡಿದವ್ರಿಗೆ ಅರ್ಥ ಆಗುತ್ತೆ,” ಎಂದಳು. ನಾನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ನೇಯ್ದೆ. ನೇಯುವಾಗ ಒಂದು ವಿಚಿತ್ರ ಭಯ. ಒಂದೊಂದು ಹೊಕ್ಕು ಹಾಕಿದಾಗಲೂ ಮರವನ್ನು ನಾನೇ ಇನ್ನಷ್ಟು ಬಗ್ಗಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಅಂಗಡಿಯಾಕೆ ಅದನ್ನು ಕಿಟಕಿಗೆ ತೂಗುಹಾಕಿದಳು. “ಗಾಳಿ ಬೀಸ್ತಿರೋ ಹಾಗಿದೆ, ಎಷ್ಟ್ ಚೆನ್ನಾಗಿದೆ,” ಎಂದು ಯಾರೋ ಅವತ್ತೇ ಕೊಂಡುಹೋದರು. ಇನ್ನೊಂದು ಬೇಕು ಎಂದು ಹೇಳಿಕಳಿಸಿದಳು. ಊರಿಗೆ ಊರೇ ಕುರುಡಾದರೆ ನೇಯ್ದು ತೋರಿಸಿ ಏನು ಫಲ?

ನಾನು ಮಾಡಿದ್ದು ಆಮೇಲೆ. ಸರಿಯೋ ತಪ್ಪೋ ಎಂದು ಹಲವರು ಕೇಳಿದ್ದಾರೆ. ಸರಿ ಎಂದೇ ಹೇಳುತ್ತೇನೆ. ಒಂದು ಮಧ್ಯಾಹ್ನ ನಮ್ಮವರು ಬಣ್ಣದ ಮಾದರಿ ತೋರಿಸಲು ಅಂಗಡಿಗೆ ಹೋಗಿದ್ದಾಗ ಶೆಡ್ಡಿಗೆ ಹೋದೆ. ಕೆಂಪು ಬಣ್ಣ ಗಟ್ಟಿ ಮಾಡಲು ಇಟ್ಟ ಹುಳಿನೀರಿನ ಜಾಡಿ ಆಚೆ ಮೂಲೆಯಲ್ಲಿರುತ್ತದೆ. ಹುಳಿ ಸೇರಿದರೆ ನೀಲಿ ಸಾಯುತ್ತದೆ, ಅದನ್ನು ಹತ್ತಿರ ತರಬಾರದು ಎಂಬುದು ಮಾವನವರು ನನಗೆ ಹೇಳಿಕೊಟ್ಟ ಮೊದಲ ಪಾಠ. ತೊಟ್ಟಿಯ ಮುಚ್ಚಳ ತೆಗೆದೆ. ಮೇಲೆ ತಾಮ್ರದ ಬಣ್ಣದ ಕೆನೆ, ನಡುವೆ ನೀಲಿ ನೊರೆ. ಮುಟ್ಟಿದರೆ ಬೆಚ್ಚಗಿತ್ತು, ಮಲಗಿದ ಮಗುವಿನ ಬೆನ್ನಿನ ಹಾಗೆ. ಜಾಡಿಯನ್ನು ಪೂರ್ತಿ ಬಗ್ಗಿಸಿದೆ. ನೊರೆ ಸುಯ್ಯೆಂದು ಇಳಿದುಹೋಯಿತು. ಕೆಟ್ಟ ವಾಸನೆ ಎದ್ದಿತು, ಆಮೇಲೆ ಅದೂ ಇಲ್ಲವಾಯಿತು.

ನಮ್ಮವರು ಬಂದು ಮುಚ್ಚಳ ತೆಗೆದರು. ಕೈ ಅದ್ದಿ, ಮೂಸಿ, ನಾಲಗೆಗೆ ಹಚ್ಚಿ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ, ಓಡಿಹೋಗಲಿಲ್ಲ.

“ಯಾರು?”

“ನಾನೇ.”

ಕೈ ಎತ್ತುತ್ತಾರೆ ಎಂದುಕೊಂಡಿದ್ದೆ, ಎತ್ತಲಿಲ್ಲ. ಕೂಗಲೂ ಇಲ್ಲ. “ಅಪ್ಪನ ಕಾಲದ್ದು,” ಎಂದಷ್ಟೇ ಹೇಳಿ, ಬಾನಿಯಲ್ಲಿ ಕೈ ತೊಳೆದು, ನನ್ನ ಪಕ್ಕದಿಂದ ಹಾದು ಮನೆಗೆ ಬಂದರು. ಇನ್ನು ಅವರಿಗೆ ಬೆಟ್ಟದ ಬುಡದಲ್ಲಿ ಕೆಲಸವಿರಲಿಲ್ಲ. ನನಗೆ ಬೇಕಾದದ್ದೂ ಅದೇ.

ಅವರು ಮನೆಯಲ್ಲಿದ್ದರು, ಆದರೆ ನನ್ನ ಜೊತೆ ಮಾತಿಲ್ಲ. ತಂಗಿಯ ಮೂಲಕ ಉಪ್ಪು ಕೇಳುತ್ತಿದ್ದರು. ಬೆಟ್ಟ ಮಾತ್ರ ಹಾಗೇ ನಿಂತಿತ್ತು. ದಿನಾ ಬೆಳಗ್ಗೆ ಕಿಟಕಿ ತೆರೆದು ನೋಡುತ್ತಿದ್ದೆ. ಬಿಸಿಲಲ್ಲಿ ಹೊಳೆಯುತ್ತ, ಯಾರಿಗೂ ಯಾವ ಕೇಡನ್ನೂ ಬಯಸದ ಹಾಗೆ ನಿಂತಿರುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳುತ್ತಾರೆಯೇ? ಓಣಿಯಲ್ಲಿ ನನಗೂ ಒಂದು ಅಡ್ಡಹೆಸರು ಹುಟ್ಟಿತು: ಬೆಟ್ಟ ಬೀಳಿಸೋಳು. ಗೀಟುಗೋಲು ಎಂದು ಹೆಸರಿಟ್ಟವಳಿಗೆ ತಕ್ಕ ಶಾಸ್ತಿ ಅನ್ನಿ. ಬೀಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಇವರು ಮನೆಯಲ್ಲಿದ್ದಾಗಲೇ ಬಿದ್ದುಬಿಡಲಿ, ಶೆಡ್ಡು ಹೋದರೆ ಹೋಗಲಿ. ಹೀಗೆ ಒಂದು ಹಾಳನ್ನು ದಿನಾ ಕಾಯುವ ಹೆಂಗಸಾದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಬೆಟ್ಟ ಬೀಳಲಿಲ್ಲ. ನಮ್ಮವರು ದೂರದ ವ್ಯಾಪಾರಿಯಿಂದ ನೀಲಿ ಹೆಂಟೆ ತರಿಸಿದರು. ಒಂದು ಬೆಳಗ್ಗೆ ಹಾಸಿಗೆ ಸುತ್ತಿಕೊಂಡು, ಹೊಸ ತೊಟ್ಟಿ ಹೂಡಲು ಹೊರಟರು. ಎಳೆ ತೊಟ್ಟಿ ಜೀವ ಹಿಡಿಯುವ ತನಕ ಬಿಟ್ಟು ಬರುವಂತಿಲ್ಲ. ಕೆರೆಯ ಈಚೆ ಹೂಡಿ, ಇಲ್ಲೇ ಹಿತ್ತಲಲ್ಲಿ ಹೂಡಿ ಎಂದು ತಂಗಿ ಕಾಲು ಹಿಡಿದಳು. “ಆ ನೀರಿಲ್ದೆ ಆ ನೀಲಿ ಇಲ್ಲ,” ಎಂದರು.

ಅವರನ್ನು ಹೊರಗೆ ತರುವ ದಾರಿಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ. ನಾನೂ ನನ್ನ ಹಾಸಿಗೆ ಸುತ್ತಿಕೊಂಡು ಅವರ ಹಿಂದೆ ಹೋದೆ.

“ನೀನ್ಯಾಕೆ?” ಎಂದರು ಶೆಡ್ಡಿನ ಬಾಗಿಲಲ್ಲಿ. ಅಷ್ಟು ದಿನಗಳಲ್ಲಿ ನನಗೆ ಹೇಳಿದ ಮೊದಲ ಮಾತು.

“ನೀವಿದೀರಲ್ಲ, ಅದಕ್ಕೆ.”

“ಭಯ ಅಂದೆಯಲ್ಲ?”

“ಈಗ್ಲೂ ಇದೆ.”

ಅವರು ನನ್ನ ಹಾಸಿಗೆ ಒಳಗಿಟ್ಟರು. ಬಾಗಿಲನ್ನು ಮತ್ತೆ ಉಜ್ಜಿದ್ದರು, ಆದರೂ ಮೇಲಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು. ಹಿಂದಿನ ಗೋಡೆಯ ಮುಚ್ಚಿದ ಬಿರುಕು ಹಳೆಯ ಗಾಯದಂತೆ ಮತ್ತೆ ಬಾಯಿ ಬಿಟ್ಟಿತ್ತು. ನಾವು ಅಲ್ಲಿ ಸಂಸಾರ ಹೂಡಿದೆವು. ಅವರು ತೊಟ್ಟಿ ಕಲಕುತ್ತಿದ್ದರು, ನಾನು ನೂಲು ಸುತ್ತುತ್ತಿದ್ದೆ. ಹಗಲು ಹೊತ್ತಿನಲ್ಲೂ ಗೋಡೆಯ ಹಿಂದೆ ಯಾರೋ ಹಲ್ಲು ಕಡಿದಂಥ ಸಣ್ಣ ಸದ್ದು. ನಾನು ಅವರ ಮುಖ ನೋಡುತ್ತಿದ್ದೆ. ಅವರು ತೊಟ್ಟಿ ನೋಡುತ್ತಿದ್ದರು. ನನ್ನನ್ನು ಕಂಡಾದರೂ ಎದ್ದು ನಡೆಯುತ್ತಾರೆ ಎಂಬ ಆಸೆ ನನ್ನದು. ಇವಳು ಹೆದರಿ ತಾನಾಗಿ ಹೋಗುತ್ತಾಳೆ ಎಂಬ ಲೆಕ್ಕ ಅವರದು. ಇಬ್ಬರೂ ಹಟಮಾರಿಗಳು, ಹಾಗಾಗಿ ಇಬ್ಬರೂ ಅಲ್ಲೇ ಇದ್ದೆವು.

ಹೊಸ ತೊಟ್ಟಿ ನಿಧಾನಕ್ಕೆ ನೊರೆ ಕಟ್ಟಿತು. ಒಂದು ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಅವರು ಮೊದಲ ಲಡಿ ಅದ್ದಿ ಎತ್ತಿದರು. ಹಸಿರಾಗಿ ಹೊರಬಂದ ನೂಲು ಗಾಳಿ ಸೋಕಿ ನೀಲಿಗೆ ತಿರುಗುತ್ತಿತ್ತು. ನೆರಳಿನಂಥ ತೆಳು ನೀಲಿ. ಅದನ್ನು ನನ್ನ ಕಡೆ ಹಿಡಿದು, “ಪರವಾಗಿಲ್ಲ ಅಲ್ವಾ?” ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇಂಥ ಜಾಗದಲ್ಲಿ ನನಗೆ ಸಂತೋಷವಾಯಿತು, ಏನೆಂದು ಹೇಳಲಿ.

ಆಗ ಶೆಡ್ಡಿನಲ್ಲಿ ಏನೋ ಕಡಿಮೆಯಾಯಿತು. ಏನೆಂದು ನನಗೆ ತಿಳಿಯಲಿಲ್ಲ. ಅವರಿಗೆ ತಿಳಿಯಿತು. ಕತ್ತು ತಿರುಗಿಸಿ ಬಾನಿಯ ಕಡೆ ನೋಡಿದರು. ಕೊಳವೆಯ ನೀರು ನಿಂತಿತ್ತು. ತುದಿಯಲ್ಲೊಂದು ಹನಿ ತೂಗಾಡಿ, ಬಿದ್ದು, ಮತ್ತೊಂದು ಬರಲಿಲ್ಲ. ಬೇಸಿಗೆಯಲ್ಲೂ ನಿಲ್ಲದ ನೀರು ಅದು. ಬೆಟ್ಟದೊಳಗೆ ಅದರ ದಾರಿ ಮುರಿದಿತ್ತು.

ನಮ್ಮವರು ಲಡಿಯನ್ನು ನೆಲಕ್ಕೆ ಬಿಟ್ಟರು. ನನ್ನ ಮಣಿಕಟ್ಟು ಹಿಡಿದು ಎಳೆದರು. ಬಾಗಿಲು ಸಿಕ್ಕಿಕೊಂಡಿತ್ತು, ಎರಡು ಸಲ ಒದ್ದರು. ರಸ್ತೆ ದಾಟಿ, ಕೆರೆ ಏರಿ ಹತ್ತಿ, ಉಸಿರು ಸಾಲದೆ ನಾನು ಕುಸಿಯುವ ತನಕ ಓಡಿದೆವು. ಹಿಂದಿನಿಂದ ಬಂದದ್ದು ಗುಡುಗಲ್ಲ, ಬಹಳ ದೊಡ್ಡ ಬಟ್ಟೆಯೊಂದನ್ನು ಹರಿದ ಸದ್ದು. ಮರಗಳು ಉರುಳಲಿಲ್ಲ. ನಿಂತ ನಿಲುವಿನಲ್ಲೇ, ಗುಂಪಾಗಿ, ಆತುರವಿಲ್ಲದೆ ಇಳಿದು ಬಂದವು. ಶೆಡ್ಡಿದ್ದ ಜಾಗವನ್ನು ದಾಟಿ ಕೆರೆಗೆ ಕಾಲಿಟ್ಟ ಮೇಲೆಯೇ ಒಂದೊಂದಾಗಿ ಬಿದ್ದವು. ಆಮೇಲೆ ಕೆಂಪು ಧೂಳು, ಬೇರೇನೂ ಕಾಣಲಿಲ್ಲ.

ನಾನು ಅಳುತ್ತಿದ್ದೆ. ಅವರು ನನ್ನ ಪಕ್ಕದಲ್ಲಿ, ನೀಲಿ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಮಣಿಕಟ್ಟಿನ ಮೇಲೆ ಅವರ ಬೆರಳುಗಳ ಗುರುತು ನೀಲಿಯಾಗಿ ಮೂಡಿತ್ತು. ತೊಟ್ಟಿ ಬಿಟ್ಟು ನನ್ನನ್ನು ಹಿಡಿದುಕೊಂಡು ಬಂದರಲ್ಲ ಎಂದು ಅದನ್ನೇ ನೋಡುತ್ತಿದ್ದೆ.

“ಅಪ್ಪನ ತೊಟ್ಟಿ ಇದ್ದಿದ್ರೆ ನಾನು ಬರ್ತಿರ್ಲಿಲ್ಲ ಕಣೆ.”

ನಾನು ಅಲ್ಲಿದ್ದರೂ ಬರುತ್ತಿರಲಿಲ್ಲವೇ ಎಂದು ಕೇಳಬೇಕೆನ್ನಿಸಿತು. ಅವರು ಸುಳ್ಳು ಹೇಳುವವರಲ್ಲ, ಅದಕ್ಕೇ ಕೇಳಲಿಲ್ಲ.